ಆಂಟಿವೈರಸ್ಸನ್ನು ತೂಗಿ ನೋಡಿದ ಅಕ್ಕ

ಅಕ್ಕ ನಡೆಯುವಾಗ ಎಡಕ್ಕೆ ವಾಲುತ್ತಾರೆ. ಕಾಲಲ್ಲಿ ಊನವಿಲ್ಲ, ಸೊಂಟದಲ್ಲಿ ನೋವಿಲ್ಲ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ಮೂವತ್ತೊಂದು ವರ್ಷ, ಹಿತ್ತಾಳೆಯ ತೂಕದ ಬಟ್ಟುಗಳು ತುಂಬಿದ ಚೀಲವನ್ನು ಬಲಹೆಗಲಿಗೆ ಇಳಿಬಿಟ್ಟುಕೊಂಡು ಅಂಗಡಿಯಿಂದ ಅಂಗಡಿಗೆ, ಗೋದಾಮಿನಿಂದ ಗೋದಾಮಿಗೆ ಅಲೆದ ಆ ದೇಹ, ಭಾರಕ್ಕೆ ಸಮತೂಕವಾಗಿ ಎಡಕ್ಕೆ ಬಾಗುವುದನ್ನು ಯಾವಾಗಲೋ ಕಲಿತುಬಿಟ್ಟಿತ್ತು; ನಿವೃತ್ತಿಯ ದಿನ ಚೀಲವನ್ನು ಇಲಾಖೆಗೆ ಒಪ್ಪಿಸಿ, ರಸೀದಿ ಪಡೆದು, ಬರಿಹೆಗಲಲ್ಲಿ ಮನೆಗೆ ಬಂದ ಮೇಲೂ ಕಲಿತ ಪಾಠವನ್ನು ಅದು ಬಿಡಲಿಲ್ಲ. ಬೀದಿಯ ಕೊನೆಯಲ್ಲಿ ಆ ವಾಲಿದ ಆಕೃತಿ ಕಾಣಿಸಿಕೊಂಡರೆ ಇಂದಿಗೂ ತರಕಾರಿ ಮಾರುವವಳ ಕೈ ತಾನಾಗಿ ತಕ್ಕಡಿಯ ತಟ್ಟೆಯ ಕೆಳಗೆ ಹೋಗಿ, ಅಲ್ಲೇನೂ ಅಂಟಿಕೊಂಡಿಲ್ಲವೆಂದು ಖಚಿತಪಡಿಸಿಕೊಂಡು ವಾಪಸ್ಸು ಬರುತ್ತದೆ.

ಕೈಗೆ ಏನೇ ಬರಲಿ, ಅಂಗೈ ಮೇಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸದೆ ಅಕ್ಕ ಅದನ್ನು ಒಪ್ಪಿಕೊಂಡವರಲ್ಲ. ಪುಸ್ತಕವಾಗಲಿ, ಬೀಗವಾಗಲಿ, ಸೋಪಾಗಲಿ, ಎಲ್ಲಕ್ಕೂ ಇದೇ ಸತ್ಕಾರ. ನೆಂಟರ ಮನೆಯಲ್ಲಿ ಹುಟ್ಟಿದ ಹಸುಗೂಸನ್ನು ತೊಡೆಯ ಮೇಲಿಟ್ಟರೆ, ಉಳಿದವರು ಮೂಗು ಯಾರದ್ದು, ಹಣೆ ಯಾರದ್ದು ಎಂದು ಚರ್ಚಿಸುತ್ತಿರುವಾಗ, ಇವರು ಮಗುವನ್ನು ಅಂಗೈಗಳಲ್ಲಿ ಎತ್ತಿ, ಇಳಿಸಿ, "ಮೂರು ಕಿಲೋ ನಾನೂರು ಇರಬೇಕು. ಆಸ್ಪತ್ರೆಯೋರು ಮುನ್ನೂರೈವತ್ತು ಅಂತ ಬರೆದಿದ್ರೆ ಅವರ ಮುಳ್ಳು ಹಿಂದಿದೆ ಅಂತ ಅರ್ಥ. ಇದು ನನ್ನ ಅಂದಾಜು, ಇಟ್ಟು ನೋಡಿ" ಎಂದಿದ್ದರು. ಮಗುವಿನ ಅಜ್ಜಿ ಮುಖ ಸಿಂಡರಿಸಿದರು. ಮರುತಿಂಗಳು ಆಸ್ಪತ್ರೆಯವರು ತಕ್ಕಡಿ ಬದಲಾಯಿಸಿದಾಗ ಮಾತ್ರ ಅದೇ ಅಜ್ಜಿ ಊರ ತುಂಬ ಆ ಕಥೆಯನ್ನು ತಮ್ಮದೇ ಸಾಧನೆಯಂತೆ ಹೇಳಿಕೊಂಡು ತಿರುಗಿದರು.

"ಇಟ್ಟು ನೋಡೋಣ." ಅಕ್ಕನ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುವ ಮಾತು ಇದು. ತಕ್ಕಡಿಯಲ್ಲಿ ಇಡುವುದೆಂದು ಅದರ ಮೂಲಾರ್ಥ. ಆದರೆ ಗಾದೆಯನ್ನು, ವದಂತಿಯನ್ನು, ವೈದ್ಯರ ಚೀಟಿಯನ್ನು, ಗಂಡುಗಳ ಜಾತಕವನ್ನು ಕೂಡ ಅವರು ಹೀಗೆಯೇ ಇಟ್ಟು ನೋಡಿದವರು. ಕೊನೆಯದು ಒಂದೂ ತೂಕಕ್ಕೆ ನಿಲ್ಲಲಿಲ್ಲವಾಗಿ ಮದುವೆಯ ಗೊಡವೆಗೆ ಹೋಗಲಿಲ್ಲ. ಬೇಸಿಗೆಯಲ್ಲೂ ಕಳಚದ ಬೂದುಬಣ್ಣದ ಕೋಟೊಂದಿದೆ. ಅದರ ಆರು ಜೇಬುಗಳಲ್ಲಿ ಭೂತಗನ್ನಡಿ, ಅಯಸ್ಕಾಂತ, ನೂಲುಂಡೆ, ಎರಡು ಪೆನ್ಸಿಲ್ಲು, ಒಂದು ಸ್ಟಾಪ್‌ವಾಚು. ಸ್ವಂತ ಸೋದರಮಾವನ ಅಂಗಡಿಯ ತಕ್ಕಡಿ ಹನ್ನೆರಡು ಗ್ರಾಂ ಕಡಿಮೆ ತೂಗಿದ ದಿನ ಅದಕ್ಕೆ ಮೊಹರು ಹಾಕಿ ಎತ್ತಿಕೊಂಡು ಬಂದವರು ಇವರು. ಮಾವ ನಾಲ್ಕು ವರ್ಷ ಮಾತು ಬಿಟ್ಟರು. ಐದನೆಯ ವರ್ಷ ಹಾಸಿಗೆ ಹಿಡಿದಾಗ, ದಿನದ ಔಷಧಿಯನ್ನು ಅಳೆದು ಕೊಡಲು ಮಗ ಬಂದರೂ ಬೇಡ, ಸೊಸೆ ಬಂದರೂ ಬೇಡ. "ಅವಳನ್ನ ಕರೀರಿ" ಎಂದರು.

ಇಂಥ ಅಕ್ಕನೊಂದಿಗೆ ಒಂದೇ ಮನೆಯಲ್ಲಿ ಬಾಳುವುದು ಹೇಗಿರುತ್ತದೆಂದು ಬಲ್ಲವಳು ತಂಗಿ. ತಂಗಿಯ ಗಂಡ ಹಡಗಿನ ಇಂಜಿನಿಯರು, ವರ್ಷಕ್ಕೆ ಎಂಟು ತಿಂಗಳು ನೀರಿನ ಮೇಲೆ; ಹಾಗಾಗಿ ಮಹಡಿಯ ಮೇಲಿನ ಆ ಮೂರು ಕೋಣೆಗಳಲ್ಲಿ ಬಹುಪಾಲು ಅಕ್ಕ-ತಂಗಿಯರದ್ದೇ ಸಂಸಾರ. ಅಕ್ಕ ಎಷ್ಟು ನಿಧಾನವೋ ತಂಗಿ ಅಷ್ಟು ಅವಸರ. ಓದುವ ಮೊದಲೇ ಸಹಿ ಹಾಕುವವಳು, ನೋಡುವ ಮೊದಲೇ ನಂಬುವವಳು. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಟೀಚರು. ಆ ಮಕ್ಕಳು ಎಲ್ಲರಿಗೂ ಒಂದೊಂದು ಕೈಸನ್ನೆಯ ಹೆಸರಿಡುತ್ತಾರೆ, ಅಕ್ಕನಿಗೂ ಇಟ್ಟಿದ್ದರು. ಒಂದು ಭುಜ ಇಳಿಸಿ, ಅಂಗೈಯನ್ನು ಎರಡು ಸಲ ಆಡಿಸಿದರೆ ಅಕ್ಕ ಎಂದರ್ಥ.

ಶಾಲೆಯ ಪುಸ್ತಕಗಳಲ್ಲಿರುವ ಕೈಸನ್ನೆಗಳು ಒಂದು ಬಗೆ. ಶಾಲೆಗೆ ಬರುವ ಮೊದಲೇ ಮನೆಯಲ್ಲಿ ಆ ಮಕ್ಕಳು ತಾವೇ ಹುಟ್ಟಿಸಿಕೊಂಡಿರುವ ಸನ್ನೆಗಳು ಇನ್ನೊಂದು ಬಗೆ. ಹಸಿವಿಗೆ ಒಬ್ಬಳದ್ದು ಒಂದು, ಅಪ್ಪನ ಸಿಟ್ಟಿಗೆ ಇನ್ನೊಬ್ಬನದ್ದು ಒಂದು, ಗುಡುಗನ್ನು ಕೇಳದ ಮಗು ಗುಡುಗಿಗೆ ಕಟ್ಟಿದ ಸನ್ನೆ ಮತ್ತೊಂದು. ತಂಗಿ ಶಾಲೆಗೆ ಸೇರಿದ ಮೊದಲ ಹನ್ನೊಂದು ವರ್ಷ ಕೂತು ಇವನ್ನೆಲ್ಲ ಒಂದೊಂದಾಗಿ ವಿಡಿಯೋ ಮಾಡಿದ್ದಳು: ನಾಲ್ಕು ಸಾವಿರದ ಇನ್ನೂರು ತುಣುಕುಗಳು, ಪ್ರತಿಯೊಂದಕ್ಕೂ ಅರ್ಥ, ಮಗುವಿನ ವಯಸ್ಸು, ಸನ್ನೆ ಹುಟ್ಟಿದ ಸಂದರ್ಭ. ಅದನ್ನು ಒಂದು ಸನ್ನೆಕೋಶವಾಗಿ ಎಲ್ಲ ಕಿವುಡರ ಶಾಲೆಗಳಿಗೂ ಹಂಚುವುದೆಂದು ತೀರ್ಮಾನವಾಗಿತ್ತು. ಆ ಮಕ್ಕಳಲ್ಲಿ ಮುಕ್ಕಾಲು ಪಾಲು ಬೆಳೆದು ದೊಡ್ಡವರಾಗಿ ಎಲ್ಲೆಲ್ಲೋ ಕೆಲಸಕ್ಕೆ ಸೇರಿದ್ದರು. ಮತ್ತೆ ಕರೆಸಿ, ಅದನ್ನೇ ಇನ್ನೊಮ್ಮೆ ಮಾಡಿ ತೋರಿಸಿ ಎಂದರೆ, ಆ ಕೈಗಳು ಈಗ ಆ ಕೈಗಳಲ್ಲ. ಅಷ್ಟೂ ಸಂಪತ್ತು ಇದ್ದದ್ದು ನಡುಮನೆಯ ಕಿಟಕಿಯ ಪಕ್ಕದ ಹಳೆಯ ಕಂಪ್ಯೂಟರಿನಲ್ಲಿ.

ಆ ಕಂಪ್ಯೂಟರು ಒಂದು ದಿನ ಏದುಸಿರು ಬಿಡತೊಡಗಿತು. ಒಂದು ತುಣುಕು ತೆರೆಯಲು ಹೋದರೆ ಕೈತೊಳೆದು ಬರುವಷ್ಟು ಹೊತ್ತು. ಕೇಳದಿದ್ದರೂ ತೆರೆದುಕೊಳ್ಳುವ ಅಂಗಡಿಗಳ ಪುಟಗಳು. ಮೂಲೆಯಲ್ಲಿ ಮಿಣಮಿಣ ಮಿಟುಕುವ ಎಚ್ಚರಿಕೆಗಳು. ಎದುರು ಬೀದಿಯ ರಿಪೇರಿ ಅಂಗಡಿಯವರು ಬಂದು, ಕನ್ನಡಕ ಹಣೆಗೇರಿಸಿ, ಅರ್ಧ ಗಂಟೆ ನೋಡಿ, "ಮೇಡಂ, ಇದರಲ್ಲಿ ಮೂರು ಆಂಟಿವೈರಸ್ ಇದೆ" ಎಂದರು.

"ಒಂದಿದ್ರೆ ಒಳ್ಳೇದು, ಜಾಸ್ತಿ ಇದ್ರೆ ಇನ್ನೂ ಒಳ್ಳೇದಲ್ವಾ?" ಎಂದಳು ತಂಗಿ.

"ಒಂದೇ ಒರೆಯಲ್ಲಿ ಎರಡು ಕತ್ತಿ ಇರೋಕಾಗಲ್ಲ ಮೇಡಂ. ಇದು ಅದನ್ನ ಕಳ್ಳ ಅಂತ ಹಿಡಿಯುತ್ತೆ, ಅದು ಇದನ್ನ ಕಳ್ಳ ಅಂತ ಹಿಡಿಯುತ್ತೆ. ಅವೆರಡರ ಜಗಳದಲ್ಲೇ ಯಂತ್ರ ಸುಸ್ತಾಗಿದೆ. ಒಂದರ ಅವಧಿ ಮುಗಿದು ಎರಡು ವರ್ಷವಾಯ್ತು. ಇನ್ನು ಮೂರನೇದಿದೆಯಲ್ಲ, ಅದು ಆಂಟಿವೈರಸ್ಸೇ ಅಲ್ಲ. ಅದೇ ವೈರಸ್."

ಮೂರನೆಯದು ಹೇಗೆ ಬಂತೆಂದು ತಂಗಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಪರದೆಯ ತುಂಬ ಕೆಂಪಾಗಿ "ನಿಮ್ಮ ಕಂಪ್ಯೂಟರಿನಲ್ಲಿ ಮೂವತ್ತೇಳು ವೈರಸ್ಸುಗಳಿವೆ, ಕೂಡಲೇ ಇಲ್ಲಿ ಒತ್ತಿ" ಎಂದು ಬಂದಿತ್ತು. ಕೂಡಲೇ ಎಂದಿದ್ದರಿಂದ ಕೂಡಲೇ ಒತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಇದನ್ನು ಅವಳು ತಗ್ಗಿದ ದನಿಯಲ್ಲಿ ಹೇಳಿದಾಗ ಅಕ್ಕ ಬೈಯಲಿಲ್ಲ. ಕೋಟಿನ ಜೇಬಿನಿಂದ ಪೆನ್ಸಿಲ್ ತೆಗೆದು, "ಮೂವತ್ತೇಳು ಅಂತ ಯಾರು ಎಣಿಸಿದ್ದು?" ಎಂದು ಮಾತ್ರ ಕೇಳಿದರು.

ರಿಪೇರಿಯವರು ಮೂರನ್ನೂ ಕಿತ್ತು, ಯಂತ್ರವನ್ನು ಶುದ್ಧಮಾಡಿ, ಮರುದಿನ ಚಿನ್ನದ ಬಣ್ಣದ ಡಬ್ಬವೊಂದನ್ನು ತಂದು ಮೇಜಿನ ಮೇಲಿಟ್ಟರು. 'ನೂರಕ್ಕೆ ನೂರು ರಕ್ಷಣೆ' ಎಂದು ಮೂರು ಕಡೆ ಬರೆದಿತ್ತು. ಅಕ್ಕ ಡಬ್ಬವನ್ನು ಅಂಗೈಯಲ್ಲಿ ಎತ್ತಿ ಆಡಿಸಿದರು.

"ಒಳಗೇನಿದೆ?"

"ಒಂದು ಚೀಟಿ. ಅದರಲ್ಲಿರೋ ನಂಬರು ಹಾಕಿದ್ರೆ ಮುಗೀತು."

"ಒಂದು ಚೀಟಿಗೆ ಇಷ್ಟು ದೊಡ್ಡ ಡಬ್ಬ ಬೇಕಾಯ್ತಾ? ಇರ್ಲಿ. ನಾನು ಸರ್ವೀಸಿನಲ್ಲಿ ಮುಟ್ಟುಗೋಲು ಹಾಕಿಕೊಂಡ ಡಬ್ಬಗಳ ಮೇಲೆಲ್ಲ ನೂರಕ್ಕೆ ನೂರು ಅಂತಲೇ ಬರೆದಿರ್ತಿತ್ತು. ಇಟ್ಟು ನೋಡೋಣ."

ಅಲ್ಲಿಂದ ಮುಂದಿನ ಎರಡು ತಿಂಗಳು ಆ ಮನೆಯಲ್ಲಿ ನಡೆದದ್ದನ್ನು ಪರೀಕ್ಷೆ ಎನ್ನಬೇಕೋ ತಪಸ್ಸು ಎನ್ನಬೇಕೋ ತಿಳಿಯದು. ಅರವತ್ತೆರಡರ ವಯಸ್ಸಿನಲ್ಲಿ, ಅಲ್ಲಿಯವರೆಗೆ ಕಂಪ್ಯೂಟರಿನ ಮೇಲಿನ ಧೂಳು ಒರೆಸುವುದನ್ನು ಬಿಟ್ಟು ಅದರೊಂದಿಗೆ ಬೇರಾವ ಸಂಬಂಧವನ್ನೂ ಇಟ್ಟುಕೊಳ್ಳದಿದ್ದ ಅಕ್ಕ, ಇನ್ನೂರು ಪುಟದ ನೋಟುಬುಕ್ಕೊಂದಕ್ಕೆ ಗೆರೆ ಹಾಕಿ ಕೂತರು. ಲೈಬ್ರರಿಗೆ ಹೋದರು. ಆಂಟಿವೈರಸ್ಸುಗಳನ್ನು ಪರೀಕ್ಷಿಸಲೆಂದೇ ಸಂಸ್ಥೆಗಳಿವೆಯೆಂದು ಓದಿ ಸಂತೋಷಪಟ್ಟರು. ಆ ಪರೀಕ್ಷಕರ ಖರ್ಚನ್ನು ಯಾರು ಕೊಡುತ್ತಾರೆಂದು ಹುಡುಕಿ, ಒಂದೆರಡು ಹೆಸರುಗಳ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಕೊನೆಗೆ ಮೂರು ಉಳಿದವು. ಚಿನ್ನದ ಡಬ್ಬ, ಪತ್ರಿಕೆಗಳ ತುಂಬ ಜಾಹೀರಾತು ಹಾಕಿಸುತ್ತಿದ್ದ ಕೆಂಪು ಗುರಾಣಿಯ ಗುರುತಿನದ್ದು, ಮತ್ತು ಯಾರೂ ಹೆಚ್ಚು ಹೇಳದ, ಬೂದು ಬಣ್ಣದ ಲಕೋಟೆಯಲ್ಲಿ ಬರುವ ಒಂದು. ಮೂರನ್ನೂ ಕೆಲವು ವಾರ ಉಚಿತವಾಗಿ ಬಳಸಿ ನೋಡಲು ಅವಕಾಶವಿತ್ತು.

ಮೂರೂ ಕಂಪನಿಗಳ ಸಹಾಯವಾಣಿಗೆ ಅಕ್ಕ ಫೋನ್ ಮಾಡಿದರು. ಎಷ್ಟು ಹೊತ್ತಿಗೆ ಎತ್ತುತ್ತಾರೆಂದು ಸ್ಟಾಪ್‌ವಾಚು ಹಿಡಿದು ಬರೆದುಕೊಂಡರು. ಎತ್ತಿದವರು ತಮ್ಮದು ಎಷ್ಟು ಲಕ್ಷ ವೈರಸ್ಸುಗಳನ್ನು ಹಿಡಿಯುತ್ತದೆ ಎಂಬ ಪಾಠ ಒಪ್ಪಿಸತೊಡಗಿದರೆ ನಡುವೆಯೇ ತಡೆದು ಕೇಳುತ್ತಿದ್ದರು: "ಎಷ್ಟು ಹಿಡಿಯುತ್ತೆ ಅಂತ ಬೇಡಮ್ಮ. ಎಷ್ಟು ಬಿಡುತ್ತೆ ಹೇಳು."

ತಂಗಿಗೆ ಅಡುಗೆಮನೆಯಲ್ಲಿ ನಗು ತಡೆಯಲಾಗುತ್ತಿರಲಿಲ್ಲ. ಚಿನ್ನದ ಡಬ್ಬದವರು ಒಂದನ್ನೂ ಬಿಡುವುದಿಲ್ಲವೆಂದರು. ಕೆಂಪು ಗುರಾಣಿಯವರು ಕರೆಯನ್ನು ಮೇಲಿನವರಿಗೆ ವರ್ಗಾಯಿಸುತ್ತೇವೆಂದು ಸಂಗೀತ ಹಾಕಿದರು. ಸಂಗೀತ ಹನ್ನೊಂದು ನಿಮಿಷ ನುಡಿದು ನಿಂತುಹೋಯಿತು. ಬೂದು ಲಕೋಟೆಯ ಕಡೆ ಫೋನೆತ್ತಿದ ಹೆಣ್ಣುಮಗಳು, "ಗೊತ್ತಿರೋ ಪಟ್ಟೀಲಿ ಇಲ್ಲದ ಹೊಸವು ನೂರಕ್ಕೆ ಒಂದೆರಡು ತಪ್ಪಿಸಿಕೊಳ್ತವೆ ಮೇಡಂ. ಅದಕ್ಕೇ ನಮ್ಮದು ಹೆಸರು ನೋಡೋದಲ್ಲದೆ ನಡತೇನೂ ನೋಡುತ್ತೆ. ಆದ್ರೂ ಬ್ಯಾಕಪ್ ಇಟ್ಕೊಳ್ಳಿ. ನಮ್ಮನ್ನೊಬ್ಬರನ್ನೇ ನಂಬ್ಕೊಂಡು ಕೂರಬೇಡಿ" ಎಂದಳು. ಅಕ್ಕ ನೋಟುಬುಕ್ಕಿನಲ್ಲಿ ಆ ಮಾತನ್ನು ಪೂರ್ತಿ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದರು. ಮೂವತ್ತೊಂದು ವರ್ಷದ ಸೇವೆಯಲ್ಲಿ, ತನ್ನ ತಕ್ಕಡಿಯ ತಪ್ಪನ್ನು ತಾನೇ ಹೇಳಿದ ವ್ಯಾಪಾರಿಯನ್ನು ಅವರು ಕಂಡದ್ದು ಇಬ್ಬರನ್ನೋ ಮೂವರನ್ನೋ.

ಅದೇ ಹೆಣ್ಣುಮಗಳಿಂದ ಇನ್ನೊಂದು ವಿಷಯ ತಿಳಿಯಿತು. ಆಂಟಿವೈರಸ್ ಎಚ್ಚರವಾಗಿದೆಯೇ ಎಂದು ನೋಡಲೆಂದೇ ಒಂದು ಪರೀಕ್ಷಾ ಸಾಲು ಉಂಟು, ಅರವತ್ತೆಂಟು ಅಕ್ಷರ-ಚಿಹ್ನೆಗಳದ್ದು; ಅದರಲ್ಲಿ ವಿಷವಿಲ್ಲ, ಯಾರಿಗೂ ಕೇಡಿಲ್ಲ; ಆದರೆ ಅದನ್ನು ಕಂಡರೆ ಕೂಗಬೇಕೆಂದು ಆಂಟಿವೈರಸ್ ಮಾಡುವವರು ತಮ್ಮತಮ್ಮಲ್ಲಿ ಒಪ್ಪಿಕೊಂಡಿದ್ದಾರೆ. ಫೋನಿಟ್ಟ ಅಕ್ಕನ ಮುಖ ಬೆಳಗಿದ್ದನ್ನು ತಂಗಿ ಕಂಡಳು. ನಿವೃತ್ತಿಯಾದ ಮೇಲೆ ಆ ಮುಖ ಹಾಗೆ ಬೆಳಗಿರಲಿಲ್ಲ. "ಬಟ್ಟು ಕಣೇ. ಇವರ ಹತ್ರಾನೂ ಪರೀಕ್ಷೆ ಬಟ್ಟು ಇದೆ" ಎಂದರು.

ಒಂದೊಂದು ಬೆರಳಿನಿಂದ, ಮೂಗು ಪರದೆಗೆ ತಾಗುವಂತೆ ಕೂತು, ಅಕ್ಕ ಆ ಸಾಲನ್ನು ತಾವೇ ಟೈಪು ಮಾಡಿದರು. ಒಂದನ್ನು ಕಿತ್ತ ಮೇಲೆಯೇ ಇನ್ನೊಂದನ್ನು ಹಾಕುವುದು, ಪ್ರತಿಯೊಂದಕ್ಕೂ ಎರಡು ವಾರ. ಸಾಲನ್ನು ಬರಿದಾಗಿ ಇಟ್ಟು ನೋಡುವುದು, ಜಿಪ್ ಮಾಡಿ ಮಡಿಸಿದ ಫೈಲಿನೊಳಗೆ ಬಚ್ಚಿಟ್ಟು ನೋಡುವುದು, ಪೆನ್‌ಡ್ರೈವಿನಲ್ಲಿ ತಂದು ಸಿಕ್ಕಿಸಿ ನೋಡುವುದು. ಚಿನ್ನದ ಡಬ್ಬ ಮೊದಲನೆಯದಕ್ಕೆ ಕೂಗಿತು; ಉಳಿದೆರಡಕ್ಕೆ ಹಸಿರು ಗುರುತು ತೋರಿಸಿ 'ಎಲ್ಲವೂ ಕ್ಷೇಮ' ಎಂದಿತು. ರಿಪೇರಿಯವರನ್ನು ಕರೆಸಿ ತೋರಿಸಿದಾಗ ಅವರು ತಲೆ ಕೆರೆದುಕೊಂಡು, "ಅದು ನಿಜವಾದ ವೈರಸ್ ಅಲ್ವಲ್ಲ ಮೇಡಂ, ಅದಕ್ಕೇ ಬಿಟ್ಟಿರ್ಬೇಕು" ಎಂದರು.

"ನನ್ನ ಬಟ್ಟೂ ನಿಜವಾದ ಸಕ್ಕರೆ ಅಲ್ಲ" ಎಂದರು ಅಕ್ಕ.

ರಿಪೇರಿಯವರು ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದರು. ಅಂದಿನಿಂದ ತಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿ ಅದನ್ನು ಮುಂದೆ ಇಡಲಿಲ್ಲವೆಂಬುದನ್ನೂ ಹೇಳಬೇಕು, ಮನುಷ್ಯ ಕೆಟ್ಟವರಲ್ಲ.

ಕೆಂಪು ಗುರಾಣಿ ಮೂರನ್ನೂ ಹಿಡಿಯಿತು. ತಂಗಿ ಚಪ್ಪಾಳೆ ತಟ್ಟಿದಳು. ಆದರೆ ನಾಲ್ಕನೆಯ ದಿನ ಅದು ತಂಗಿಯೇ ವಿಡಿಯೋ ಕತ್ತರಿಸಲು ಬಳಸುತ್ತಿದ್ದ ಪುಟ್ಟ ಸಾಧನವನ್ನೂ, ಜೊತೆಗೆ ಮೂವತ್ತೆಂಟು ತುಣುಕುಗಳನ್ನೂ ಹಿಡಿದು ಕ್ವಾರಂಟೈನಿಗೆ ಹಾಕಿತು. ತಂಗಿಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಪರೀಕ್ಷೆ ಸಾಕು ಅಕ್ಕಾ. ಇದು ನನ್ನ ಜೀವಮಾನದ ಕೆಲಸ, ನಿನ್ನ ಸಂತೆ ಅಂಗಡಿ ಅಲ್ಲ" ಎಂದಳು. ಮಾತು ಬಾಯಿಂದ ಬಿದ್ದ ಕೂಡಲೇ ಅವಳಿಗೇ ಅದು ಹೆಚ್ಚಾಯಿತೆನಿಸಿತು. ಅಕ್ಕ, ಕ್ವಾರಂಟೈನ್ ಎಂದರೆ ಕೂಡಿಹಾಕುವುದೇ ಹೊರತು ಸುಟ್ಟುಹಾಕುವುದಲ್ಲವೆಂದು ಕೈಪಿಡಿಯಲ್ಲಿ ಓದಿ, ಮೂವತ್ತೆಂಟನ್ನೂ ಒಂದೊಂದಾಗಿ ಬಿಡಿಸಿ, ಎಣಿಸಿ, ತಂಗಿಗೆ ತೋರಿಸಿದರು. ಆಮೇಲೆ ನೋಟುಬುಕ್ಕಿನಲ್ಲಿ ಬರೆದರು: 'ಕಳ್ಳನನ್ನು ಬಿಡುವ ಕಾವಲುಗಾರ ಒಂದು ಕೇಡು. ಮನೆಯವರನ್ನೇ ಹಿಡಿಯುವವನು ಇನ್ನೊಂದು.'

ಬೂದು ಲಕೋಟೆ ಮೂರನ್ನೂ ಹಿಡಿಯಿತು, ತಂಗಿಯದ್ದೊಂದನ್ನೂ ಮುಟ್ಟಲಿಲ್ಲ. ಯಂತ್ರ ಎಚ್ಚರಗೊಳ್ಳಲು ಮೊದಲಿಗಿಂತ ಒಂಬತ್ತು ಸೆಕೆಂಡು ಹೆಚ್ಚು ತೆಗೆದುಕೊಂಡಿತು. ಅಷ್ಟನ್ನು ಕ್ಷಮಿಸಬಹುದೆಂದು ಅಕ್ಕ ತೀರ್ಪು ಕೊಟ್ಟರು.

ಆಯ್ಕೆ ಮುಗಿದರೆ ಕೆಲಸ ಮುಗಿಯಿತೆಂದು ತಂಗಿ ಅಂದುಕೊಂಡಿದ್ದಳು. ತಕ್ಕಡಿಗೆ ಮುದ್ರೆ ಹಾಕಿದ ಮಾತ್ರಕ್ಕೆ ವರ್ಷವಿಡೀ ಅದು ಸರಿಯಾಗಿ ತೂಗುತ್ತದೆಂದು ನಂಬುವವರೇ ಅಕ್ಕ? ಅಪ್‌ಡೇಟ್ ಬಂದಾಗ 'ಆಮೇಲೆ ನೆನಪಿಸು' ಎಂಬ ಗುಂಡಿಯನ್ನು ಒತ್ತುವುದು ಆ ಮನೆಯಲ್ಲಿ ನಿಷಿದ್ಧವಾಯಿತು. ಪ್ರತಿ ಶುಕ್ರವಾರ ಸಂಜೆ ಪೂರ್ತಿ ಸ್ಕ್ಯಾನು; ಅಷ್ಟು ಹೊತ್ತೂ ಅಕ್ಕ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಕಾಳು ಆರಿಸುತ್ತ, ಓಡುವ ಹಸಿರು ಗೆರೆಯ ಮೇಲೆ ಕಣ್ಣಿಟ್ಟಿರುತ್ತಿದ್ದರು. ತಂಗಿ ಬ್ಯಾಕಪ್ಪಿಗೆಂದು ಇಟ್ಟಿದ್ದ ಡಿಸ್ಕನ್ನು ಒಂದು ದಿನ ಕೈಯಲ್ಲಿ ತೂಗಿ, "ಇದು ಯಾವಾಗ್ಲೂ ಸಿಕ್ಕಿಸಿಯೇ ಇರುತ್ತಾ? ಅದಕ್ಕೆ ಬಂದ ಕಾಯಿಲೆ ಇದಕ್ಕೆ ಅಂಟಲ್ವಾ?" ಎಂದು ಕೇಳಿದರು. ಅಂದಿನಿಂದ ವಾರಕ್ಕೊಮ್ಮೆ ನಕಲು ತೆಗೆದ ಕೂಡಲೇ ಡಿಸ್ಕು ಬಿಚ್ಚಿಕೊಂಡು ಬೀರುವಿನೊಳಗೆ, ಸೀರೆಗಳ ಮಧ್ಯಕ್ಕೆ ಹೋಗತೊಡಗಿತು.

ಮನೆಗೆ ಬರುವ ಪ್ರತಿಯೊಂದು ಪೆನ್‌ಡ್ರೈವಿಗೂ ತಪಾಸಣೆ. ಶಾಲೆಯ ಮುಖ್ಯೋಪಾಧ್ಯಾಯಿನಿ, ಊರಿನಲ್ಲಿ ಎಲ್ಲರೂ 'ದೊಡ್ಡ ಮೇಡಂ' ಎನ್ನುವವರು, ಒಮ್ಮೆ ಪೆನ್‌ಡ್ರೈವ್ ಹಿಡಿದು ಬಂದಾಗ ಅಕ್ಕ ಬಾಗಿಲಲ್ಲೇ ಕೈ ಚಾಚಿದರು. ದೊಡ್ಡ ಮೇಡಮ್ಮಿಗೆ ಅವಮಾನವಾಯಿತು.

"ನನ್ನ ಮೇಲೆ ಅನುಮಾನಾನಾ?"

"ನಿಮ್ಮ ಮೇಲಲ್ಲ, ಅದರ ಮೇಲೆ. ನಿಮ್ಮನ್ನ ಒಳಗೆ ಕರೀತಾ ಇದೀನಲ್ಲ, ಬನ್ನಿ ಕೂತ್ಕೊಳ್ಳಿ."

ಅವರು ಕೂತರು, ಕಾಫಿ ಮುಟ್ಟಲಿಲ್ಲ. ಮರುದಿನ ಶಾಲೆಯಲ್ಲಿ ತಂಗಿಯೊಂದಿಗೆ ಮಾತೂ ಕಡಿಮೆ. ಅಂದು ಸಂಜೆ ತಂಗಿ ಅಕ್ಕನ ಮುಂದೆ ಅತ್ತಳು. "ಎಲ್ಲರನ್ನೂ ತೂಗ್ತಾ ಹೋದ್ರೆ ಕೊನೆಗೆ ಮನೆಗೆ ಯಾರೂ ಬರಲ್ಲ ಅಕ್ಕಾ" ಎಂದಳು. ಅಕ್ಕ, "ಬರದಿದ್ರೆ ಬೇಜಾರಾಗುತ್ತೆ. ಆದ್ರೆ ಆ ಮಕ್ಕಳ ಕೈ ಹೋದ್ರೆ ಎಲ್ಲಿಂದ ತರ್ತೀಯ?" ಎಂದು ಕೇಳಿ, ಅಡುಗೆಮನೆಗೆ ಹೋದರು.

ಸನ್ನೆಕೋಶದ ಬಿಡುಗಡೆಗೆ ಇನ್ನು ಆರು ದಿನ. ಪುಸ್ತಕ ಮುದ್ರಣಾಲಯದಲ್ಲಿತ್ತು, ವಿಡಿಯೋಗಳ ಒಂದು ಪ್ರತಿ ಅಲ್ಲಿ, ಇನ್ನೊಂದು ಶಾಲೆಯ ಕಚೇರಿಯಲ್ಲಿ, ಮೂಲ ಮನೆಯಲ್ಲಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಅಕ್ಕ ಕಣ್ಣಾಸ್ಪತ್ರೆಗೆ ಹೋಗಿದ್ದಾಗ, ಮುದ್ರಣಾಲಯದ ವಿಳಾಸದಿಂದ ತಂಗಿಗೆ ಇಮೇಲ್ ಬಂತು: 'ಮುಖಪುಟದ ಕೊನೆಯ ಕರಡು. ತುರ್ತು. ಮಧ್ಯಾಹ್ನದೊಳಗೆ ಒಪ್ಪಿಗೆ ಕೊಡಿ, ಇಲ್ಲದಿದ್ದರೆ ಮುದ್ರಣ ತಡವಾಗುತ್ತದೆ.' ಜೊತೆಗೊಂದು ಫೈಲು. ತಂಗಿ ತೆರೆಯಲು ಒತ್ತಿದಳು. ಬೂದು ಬಣ್ಣದ ಚೌಕವೊಂದು ಎದ್ದು ಬಂದು ಅಡ್ಡ ನಿಂತಿತು: 'ಈ ಕಡತದ ನಡತೆ ಅನುಮಾನಾಸ್ಪದವಾಗಿದೆ.' ಕೆಳಗೆ ಎರಡು ಗುಂಡಿಗಳು, ತಡೆದಿಡು, ಅನುಮತಿಸು.

ಅವಸರ ಅವಳ ಹುಟ್ಟುಗುಣ. ಮುದ್ರಣಾಲಯದವರನ್ನು ಹದಿನೈದು ವರ್ಷದಿಂದ ಬಲ್ಲಳು. ಬಾಣದ ಗುರುತು 'ಅನುಮತಿಸು' ಎಂಬುದರ ಮೇಲೆ ಹೋಗಿ ನಿಂತಿತ್ತು, ಬೆರಳು ಮೌಸಿನ ಮೇಲಿತ್ತು. ಆ ಬೆರಳನ್ನು ತಡೆದದ್ದು ಬುದ್ಧಿಯೋ ಭಯವೋ ಅವಳಿಗೆ ಇಂದಿಗೂ ಹೇಳಲು ಬರುವುದಿಲ್ಲ. ಬೀದಿಯಲ್ಲಿ ಹೋಗುತ್ತಿರುವಾಗ ಹಿಂದಿನಿಂದ ಯಾರೋ ಕರೆದಂತಾಯಿತಷ್ಟೇ. ಕೈ ತೆಗೆದು ಅಕ್ಕನಿಗೆ ಫೋನ್ ಮಾಡಿದಳು.

"ನನಗೇನೂ ಕಾಣ್ತಿಲ್ಲ ಕಣೇ, ಕಣ್ಣಿಗೆ ಮದ್ದು ಬಿಟ್ಟಿದಾರೆ. ನೀನೇ ಓದು. ಒಂದೊಂದು ಅಕ್ಷರ" ಎಂದರು ಅಕ್ಕ.

ತಂಗಿ ಓದಿದಳು.

"ಫೈಲಿನ ಹೆಸರಲ್ಲಿ ಕೊನೇಗೆ ಚುಕ್ಕಿ ಆದ್ಮೇಲೆ ಏನಿದೆ?"

"ಎರಡು ಚುಕ್ಕಿ ಇದೆ ಅಕ್ಕಾ. ಮೊದಲನೇದು ಚಿತ್ರ ಅನ್ನೋ ಥರ ಇದೆ. ಅದಾದ್ಮೇಲೆ ಇನ್ನೊಂದು ಬಾಲ."

"ಒಂದು ಪೊಟ್ಟಣಕ್ಕೆ ಎರಡು ಚೀಟಿ ಯಾಕೆ? ತಡೆದಿಡು ಅನ್ನೋದನ್ನ ಒತ್ತು. ಒತ್ತಿದ್ಯಾ? ಈಗ ಪ್ರೆಸ್ಸಿಗೆ ಫೋನ್ ಮಾಡು. ಆ ಇಮೇಲ್ ಕಾಗದದಲ್ಲಿರೋ ನಂಬರಿಗಲ್ಲ, ನಿನ್ನ ಡೈರೀಲಿರೋ ಹಳೇ ನಂಬರಿಗೆ."

ಮುದ್ರಣಾಲಯದ ಮಾಲೀಕರ ದನಿ ಬಾವಿಯೊಳಗಿಂದ ಬಂದಂತಿತ್ತು. "ನಾವೇನೂ ಕಳಿಸಿಲ್ಲಮ್ಮ. ನಿನ್ನೆ ಯಾರೋ ಹೀಗೇ ಒಂದು ಕಾಗದ ತೆರೆದ್ರು. ಬೆಳಿಗ್ಗೆಯಿಂದ ನಮ್ಮದೊಂದು ಫೈಲೂ ತೆಗೆಯೋಕಾಗ್ತಿಲ್ಲ. ಬೀಗ ಹಾಕಿ ಬೀಗದ ಕೈಗೆ ದುಡ್ಡು ಕೇಳ್ತಿದಾರೆ. ನಿಮ್ಮ ಪುಸ್ತಕಾನೂ ಹೋಯ್ತು, ವಿಡಿಯೋನೂ ಹೋಯ್ತು."

ತಂಗಿ ಫೋನಿಡುವಷ್ಟರಲ್ಲಿ ದೊಡ್ಡ ಮೇಡಮ್ಮಿನ ಕರೆ. ಶಾಲೆಯ ಗುಮಾಸ್ತೆಗೂ ಅದೇ ಕಾಗದ ಬಂದಿತ್ತು, ಆಕೆ ತೆರೆದಿದ್ದಳು. ಯಾವಾಗಲೂ ಆಜ್ಞೆ ಮಾಡುವ ಆ ದನಿ ಈಗ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮನೇಲಿ ಇದೆಯಾ?"

"ಇದೆ ಅನ್ಕೋತೀನಿ" ಎಂದಳು ತಂಗಿ.

ಅಕ್ಕ ಗಾಡಿ ಮಾಡಿಸಿಕೊಂಡು ಬಂದರು. ಕಪ್ಪು ಕನ್ನಡಕ, ಒಂದು ಕೈ ಮೆಟ್ಟಿಲ ಕಟಕಟೆಯ ಮೇಲೆ, ಇನ್ನೊಂದು ಗೋಡೆಯ ಮೇಲೆ. 'ಇದೆ ಅನ್ಕೋತೀನಿ' ಎಂಬ ಮಾತನ್ನು ತಂಗಿಯಿಂದ ಕೇಳಿ, ಕುರ್ಚಿಗಾಗಿ ತಡಕಾಡುತ್ತಲೇ, "ಅನ್ಕೊಳ್ಳೋದು ಬೇಡ. ಪೂರ್ತಿ ಸ್ಕ್ಯಾನ್ ಹಾಕು" ಎಂದರು. ಎರಡು ಗಂಟೆ ಇಪ್ಪತ್ತು ನಿಮಿಷ. ಏನೂ ಕಾಣದ ಅಕ್ಕ ಯಂತ್ರದ ಸದ್ದಿಗೆ ಕಿವಿಗೊಟ್ಟು ಕೂತರು. ತಂಗಿ ಅವರ ಕೈ ಹಿಡಿದುಕೊಂಡು ಹಸಿರು ಗೆರೆ ಎಲ್ಲಿಗೆ ಬಂತೆಂದು ಹೇಳುತ್ತಿದ್ದಳು. ಕೊನೆಗೆ ಸೊನ್ನೆ ಬಂತು. ಒಂದೂ ಇಲ್ಲ. "ಮೊದಲನೇ ತುಣುಕು ತೆಗಿ. ಮಧ್ಯದ್ದೊಂದು. ಕೊನೇದು" ಎಂದರು ಅಕ್ಕ. ತಂಗಿ ತೆಗೆದಳು. ಆರು ವರ್ಷದ ಹೆಣ್ಣುಮಗುವೊಂದು ಎರಡು ಮುಷ್ಟಿಗಳನ್ನು ಎದೆಗೆ ಗುದ್ದಿಕೊಂಡು, ಥಟ್ಟನೆ ಬಿಡಿಸಿ ಮೇಲಕ್ಕೆತ್ತಿತು: ಅದು ಕೇಳದ ಗುಡುಗು, ಎದೆಗೆ ಬಡಿದ ಗುಡುಗು. ತಂಗಿ ಹೇಳಲು ಹೋಗಿ ಹೇಳಲಾರದೆ ಅಕ್ಕನ ಭುಜಕ್ಕೆ ಹಣೆಯಿಟ್ಟಳು. ಬೀರುವಿನ ಡಿಸ್ಕನ್ನು ಆ ದಿನ ಹೊರಗೆ ತೆಗೆಯಲು ಅಕ್ಕ ಬಿಡಲೇ ಇಲ್ಲ. "ಪ್ರೆಸ್ಸಿನೋರ ಯಂತ್ರ ಶುದ್ಧವಾಗ್ಲಿ, ಆಮೇಲೆ" ಎಂದರು.

ಮುಂದಿನ ಐದು ದಿನ ಆ ಊರಿನಲ್ಲಿ ಅಕ್ಕನದ್ದೇ ರಾಜ್ಯಭಾರ. ಕಣ್ಣು ಸರಿಹೋದ ಮರುಬೆಳಗೇ ಬೂದು ಕೋಟು ತೊಟ್ಟು ಮುದ್ರಣಾಲಯಕ್ಕೆ ಹೋದರು. ರಿಪೇರಿಯವರು ಒಂದೊಂದೇ ಯಂತ್ರವನ್ನು ಅಳಿಸಿ ಹೊಸದಾಗಿ ಕಟ್ಟಿದರು. ಕಟ್ಟಿದ್ದನ್ನೆಲ್ಲ ಅಕ್ಕ ಅರವತ್ತೆಂಟು ಅಕ್ಷರ ಹಾಕಿ ನೋಡಿದರು. ಕೂಗಿದ ಯಂತ್ರಕ್ಕೆ ಸೀಮೆಸುಣ್ಣದಲ್ಲಿ ಸರಿ ಗುರುತು ಬಿತ್ತು, ಕೂಗದಿದ್ದದ್ದು ಮತ್ತೆ ರಿಪೇರಿಯವರ ಮೇಜಿಗೆ ಹೋಯಿತು. ಏಳು ಯಂತ್ರಗಳಿಗೂ ಗುರುತು ಬಿದ್ದ ಮೇಲೆ ಮನೆಯ ಪ್ರತಿಯಿಂದ ಪುಸ್ತಕ ಮತ್ತೆ ಹುಟ್ಟಿತು. ದೊಡ್ಡ ಮೇಡಂ ಒಂದು ಬೆಳಿಗ್ಗೆ ಹೊಸ ಪೆನ್‌ಡ್ರೈವ್ ಹಿಡಿದು ಮಹಡಿ ಹತ್ತಿ ಬಂದು, ಬಾಗಿಲಲ್ಲಿ ನಿಂತು, ತಾವೇ ಅದನ್ನು ಮುಂದೆ ಚಾಚಿದರು.

"ಮೊದಲು ಇದನ್ನ ನೋಡಿ. ಆಮೇಲೆ ನನ್ನ ಒಳಗೆ ಕರೀರಿ."

ಆ ದಿನ ಅವರು ಎರಡು ಲೋಟ ಕಾಫಿ ಕುಡಿದರು.

ಬಿಡುಗಡೆಯ ದಿನ ಶಾಲೆಯ ಸಭಾಂಗಣದಲ್ಲಿ ನಿಲ್ಲಲು ಜಾಗವಿರಲಿಲ್ಲ. ಹಳೆಯ ವಿದ್ಯಾರ್ಥಿಗಳು ಬಂದಿದ್ದರು: ದರ್ಜಿಗಳು, ಬೆಸುಗೆ ಹಾಕುವವರು, ಬೇಕರಿಯವರು, ತೊಡೆಯ ಮೇಲೆ ತಮ್ಮದೇ ಮಕ್ಕಳನ್ನು ಕೂರಿಸಿಕೊಂಡ ತಾಯಂದಿರು. ಪರದೆಯ ಮೇಲೆ ತಮ್ಮ ಆರು ವರ್ಷದ ಕೈಗಳನ್ನು ಕಂಡು ಒಬ್ಬರಿಗೊಬ್ಬರು ಬೆರಳು ತೋರಿಸಿ ನಗುತ್ತಿದ್ದರು. ಗುಡುಗಿನ ಹುಡುಗಿ ಈಗ ಇಪ್ಪತ್ತರ ಹೆಂಗಸು. ತನ್ನ ಸನ್ನೆ ಬಂದಾಗ ಎದ್ದು ನಿಂತು, ಪರದೆಯ ಮಗುವಿನ ಜೊತೆಜೊತೆಗೆ ಮತ್ತೊಮ್ಮೆ ಎದೆ ಗುದ್ದಿಕೊಂಡು ಕೈ ಎತ್ತಿದಳು. ತಂಗಿ ವೇದಿಕೆಗೆ ಹೋಗಿ, ಬಾಯಿಂದ ಏನೂ ಹೇಳದೆ, ನಡೆದದ್ದನ್ನೆಲ್ಲ ಕೈಯಲ್ಲೇ ಹೇಳಿದಳು: ಕಾಗದ ಬಂದದ್ದು, ಬೆರಳು ನಿಂತದ್ದು, ಪ್ರೆಸ್ಸಿಗೂ ಶಾಲೆಗೂ ಬಿದ್ದ ಬೀಗ, ಮುರಿಯದೆ ಉಳಿದ ಒಂದು ಮನೆಯ ಬಾಗಿಲು. ಕೊನೆಗೆ ಅಕ್ಕನನ್ನು ತೋರಿಸಿದಳು. ಆಗ ಇಡೀ ಸಭಾಂಗಣದ ಕೈಗಳು ಒಟ್ಟಿಗೆ ಮೇಲೆದ್ದು, ಬೆರಳುಗಳನ್ನು ಅಗಲಿಸಿ, ಗಾಳಿಗೆ ಸಿಕ್ಕ ಎಲೆಗಳಂತೆ ಅಲುಗಾಡಿದವು. ಅದು ಅವರ ಚಪ್ಪಾಳೆ. ಸದ್ದಿಲ್ಲ, ನೋಡಿದಷ್ಟೂ ಕೈಗಳು. ಅಕ್ಕ ಮೊದಲು ಹಿಂದೆ ತಿರುಗಿ ಇದು ಯಾರಿಗೆಂದು ನೋಡಿದರು, ಆಮೇಲೆ ಕೋಟಿನ ಗುಂಡಿ ಸರಿಪಡಿಸಿಕೊಂಡರು, ಕೊನೆಗೆ ತಾವೂ ಎರಡು ಕೈಗಳನ್ನೆತ್ತಿ ಅವರಂತೆಯೇ ಆಡಿಸಿದರು. ತಂಗಿ ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ ಅಕ್ಕ ನೆಟ್ಟಗೆ ನಿಂತದ್ದನ್ನು ಕಂಡಳು.

ಈಗ ಊರಿನವರು ಮನೆಗೆ ಯಾವ ಆಂಟಿವೈರಸ್ ಹಾಕಿಸೋಣವೆಂದು ಕೇಳಿಕೊಂಡು ಬರುತ್ತಾರೆ. ಅಕ್ಕ ಹೆಸರು ಹೇಳುವುದಿಲ್ಲ. ಕೂರಿಸಿ, ನಿಮ್ಮ ಕಂಪ್ಯೂಟರಿನಲ್ಲಿ ಏನಿದೆ, ಕಳೆದುಹೋದರೆ ಅಳುವಂಥದ್ದು ಯಾವುದು ಎಂದು ಕೇಳುತ್ತಾರೆ. ಬಂದವರು ಅದನ್ನು ಯೋಚಿಸಿಯೇ ಇರುವುದಿಲ್ಲ.

ಇಂಥವರನ್ನು ಲೋಕ ಸಂಶಯಪಿಶಾಚಿ ಎಂದು ಕರೆದು ಕೈತೊಳೆದುಕೊಳ್ಳುತ್ತದೆ. ಸಂಶಯ ಪಡುವವರ ಜಾತಿಯೇ ಬೇರೆ. ಅವರಿಗೆ ಯಾವುದನ್ನೂ ತೂಗಿ ನೋಡುವ ತಾಳ್ಮೆಯಿಲ್ಲ; ತೂಗದೆಯೇ ಎಲ್ಲವನ್ನೂ ಕಡಿಮೆಯೆಂದು ತಳ್ಳಿ, ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತನ್ನು ಬದುಕಾಗಿಸಿಕೊಂಡವರು ಬಾಗಿಲನ್ನು ತೆರೆದೇ ಇಟ್ಟಿರುತ್ತಾರೆ, ಹೊಸ್ತಿಲಲ್ಲಿ ಕೂತಿರುತ್ತಾರೆ, ಬಂದವರ ಬೈಗುಳವನ್ನು ನುಂಗಿಕೊಂಡು ಪೊಟ್ಟಣ ಬಿಚ್ಚಿ ನೋಡುತ್ತಾರೆ. ಅವರ ಶ್ರಮಕ್ಕೆ ಸಿಗುವ ಫಲವೆಂದರೆ ಏನೂ ಆಗದ ಒಂದು ದಿನ, ಅದರ ಮರುದಿನ ಏನೂ ಆಗದ ಇನ್ನೊಂದು ದಿನ. ಅದನ್ನು ಯಾರೂ ಗೆಲುವೆಂದು ಗುರುತಿಸುವುದಿಲ್ಲ. ಹತ್ತು ವರ್ಷಕ್ಕೊಮ್ಮೆ, ಸುತ್ತಲ ಮನೆಗಳೆಲ್ಲ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುತ್ತಿರುವಾಗ, ನಮ್ಮಂಥ ಅವಸರದವರು ನಿಧಿಯನ್ನು ಹುಡುಕಿಕೊಂಡು ಹೋಗುವುದು ಅವರ ಮನೆಗೇ, ಮತ್ತು ಅದು ಅಲ್ಲಿ ಇಟ್ಟ ಕಡೆಯೇ ಇರುತ್ತದೆ.